ಮುನ್ನೂರು ಚಿಕ್ಕ ಕಾಲು

"ಹಲೋ, ಯಾರು ಮಾತಾಡ್ತಿರೋದು? … ಹಾಂ, ಕೃತಕ ಕಾಲಿನ ಕಾರ್ಖಾನೆನೇ. ನೀವು ಯಾರು ಅಂತ ಹೇಳ್ಲಿಲ್ಲ …"

"ಸೇನೆಯವರಾ? ಅಲ್ಲಿನ ಉಗ್ರಾಣದ ಗುಮಾಸ್ತರ ದನಿ ನನಗೆ ಗೊತ್ತು. ಇದು ಅವರದಲ್ಲ … ಓಹೋ, ಯೋಜನಾ ವಿಭಾಗ. ಅವರನ್ನ ಬಿಟ್ಟು ನೀವ್ಯಾಕೆ ಫೋನ್ ಮಾಡ್ತಿದ್ದೀರಿ? …"

ಅಳತೆಯಮ್ಮ ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕೈಗಂಟಿದ ಪ್ಲಾಸ್ಟರನ್ನು ಒರೆಸಿಕೊಂಡಳು. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಕುಂಟುತ್ತಾ ಒಳಗೆ ಬಂದವರ ಅಳತೆಯನ್ನು ಕಣ್ಣಲ್ಲೇ ಹಿಡಿದುಬಿಡುತ್ತಿದ್ದಳು.

"ಹೇಳಿ, ಬರ್ಕೋತೀನಿ … ಎರಡು ಸಾವಿರ? ತಡೀರಿ. ತಿಂಗಳಿಗೆ ನಲವತ್ತು ಮಾಡೋರು ನಾವು. ಅಷ್ಟು ಜನಕ್ಕೆ ಯಾವಾಗ ಕಾಲು ಹೋಯ್ತು? ಸಂಧಾನ ನಡೀತಿದೆ ಅಂತ ಅಲ್ವಾ ಪೇಪರಿನಲ್ಲಿ ಬಂದಿರೋದು? …"

"ಮುನ್ನೆಚ್ಚರಿಕೆ. ಹಾಂ. ಬರೀ ಮುನ್ನೆಚ್ಚರಿಕೆಗೆ ಯಾರೂ ತಾರೀಖು ಗೊತ್ತು ಮಾಡಲ್ಲ ಸ್ವಾಮಿ. ಮುಂದಿನ ತಿಂಗಳು ಹನ್ನೆರಡಕ್ಕೇ ಯಾಕೆ? … ನನಗೆ ಬೇಡದ ವಿಷಯ ಅಂದ್ರೆ? ಮಾಡೋಳು ನಾನಲ್ವಾ? …"

"ಸರಿ, ಅಳತೆ ಹೇಳಿ. ದೊಡ್ಡದು ಸಾವಿರದ ಏಳ್ನೂರು. ಉಳಿದದ್ದು? … ಇನ್ನೊಂದ್ಸಲ ಹೇಳಿ. ಎಷ್ಟು ಉದ್ದ ಅಂದ್ರಿ? …"

ಪೆನ್ಸಿಲ್ ನಿಂತಿತು. ಏಳೆಂಟು ವರ್ಷದ ಮಕ್ಕಳ ಅಳತೆ ಅದು.

"ಸಿಪಾಯಿಗಳಿಗೆ ಅಷ್ಟು ಚಿಕ್ಕ ಕಾಲು ಎಲ್ಲಾದ್ರೂ ಇರುತ್ತಾ? ಟೈಪು ತಪ್ಪಿರ್ಬೇಕು, ನೋಡಿ … ನೋಡಿದ್ರಾ? … ಸರಿಯಾಗೇ ಇದೆ. ಮುನ್ನೂರು. ಹಾಂ …"

"ಕಳಿಸೋದು ಎಲ್ಲಿಗೆ? … ಲಾರಿ ನೀವೇ ತನ್ನಿ, ಬೇಡ ಅಂದೋರ್ಯಾರು? ಪೆಟ್ಟಿಗೆ ಮೇಲೆ ವಿಳಾಸ ಬೇಕು. ಇಲ್ದಿದ್ರೆ ಇಲ್ಲಿಂದ ಮಾಲು ಅಲ್ಲಾಡಲ್ಲ, ನಿಯಮ …"

ಅಂಥ ನಿಯಮವೇನೂ ಇರಲಿಲ್ಲ. ನಿಂತ ನಿಲುವಿನಲ್ಲೇ ಹುಟ್ಟಿಸಿದ್ದಳು.

"ಗಡಿ ಸೇತುವೆಯ ಊರು. ಅಲ್ಲಿನ ಶಾಲೆ … ಆಮೇಲೆ ಅದೇ ಆಸ್ಪತ್ರೆ ಆಗುತ್ತೆ. ಗೊತ್ತಾಯ್ತು …"

ಆ ಶಾಲೆಯಲ್ಲಿ ಎರಡನೇ ತರಗತಿಗೆ ಪಾಠ ಹೇಳುತ್ತಿದ್ದವಳು ಅವಳ ಒಡಹುಟ್ಟಿದ ತಂಗಿ.

"ಊರು ಬಿಡಿ ಅಂತ ಅಲ್ಲಿಯ ಜನಕ್ಕೆ ಹೇಳಿದ್ದೀರಾ? … ಅದಲ್ಲ ನಾನು ಕೇಳಿದ್ದು. ಹೇಳಿದ್ದೀರಾ, ಇಲ್ವಾ? …"

"ಹೇಳಿದ್ರೆ ಆ ಕಡೆಯವರಿಗೆ ಸುಳಿವು ಸಿಗುತ್ತೆ. ಓ. ಅಂದ್ರೆ ಯಾರಿಗೂ ಅನುಮಾನ ಬರಬಾರ್ದು, ಮಕ್ಕಳು ಬೆಂಚಿನ ಮೇಲೆ ಕೂತೇ ಇರ್ಬೇಕು, ಅಲ್ವಾ? ಕಾಲು ಮಾತ್ರ ಮುಂಚೆನೇ ತಯಾರಾಗಿರ್ಬೇಕು. ಮುನ್ನೂರು ಅಂತ ಅಂದಾಜು ಮಾಡಿದ ಮಹಾನುಭಾವ ಯಾರು? …"

ರಿಸೀವರಿನಲ್ಲಿ ಇಬ್ಬರ ಉಸಿರು ಕೇಳಿಸಿತು.

"ನೀವಲ್ದೆ ಇನ್ಯಾರೋ ಲೈನಿನಲ್ಲಿದ್ದಾರೆ … ಇಲ್ಲ ಅನ್ಬೇಡಿ. ಇರ್ಲಿ, ಅವರೂ ಕೇಳಿಸ್ಕೊಳ್ಳಲಿ. ಈ ಕೆಲಸಕ್ಕೆ ನಾನು ಕೈ ಹಾಕಲ್ಲ. ಆ ಶಾಲೆಯಲ್ಲಿ ನನ್ನ ತಂಗಿ ಇದ್ದಾಳೆ. ನಿಮ್ಮ ಫೋನ್ ಇಟ್ಟ ತಕ್ಷಣ ಅವಳಿಗೆ ಫೋನ್ ಮಾಡ್ತೀನಿ. ಒಂದೊಂದು ಮನೆಗೂ ಅವಳು … ಹಲೋ? … ಹಲೋ? …"

ಗುಂಡಿ ಒತ್ತಿ ನೋಡಿದಳು. ಲೈನು ಸತ್ತಿತ್ತು. ಪಕ್ಕದ ಕೋಣೆಗೆ ಓಡಿ ಮ್ಯಾನೇಜರರ ಫೋನೆತ್ತಿದಳು, ಅದೂ ಸತ್ತಿತ್ತು. ಅಳತೆ ಬರೆದ ಹಾಳೆಯನ್ನು ಜೇಬಿಗೆ ತುರುಕಿಕೊಂಡು, ಗೋಡೆಯ ಮೊಳೆಗೆ ತೂಗುಹಾಕಿದ್ದ ಕಾರ್ಖಾನೆಯ ವ್ಯಾನಿನ ಕೀಲಿ ಕಿತ್ತುಕೊಂಡು ಅಂಗಳಕ್ಕಿಳಿದಳು.

ಅಷ್ಟರಲ್ಲಿ ಗೇಟಿನ ಕಾವಲುಗಾರನ ಫೋನು ಮಾತ್ರ ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಅವನು ಅದನ್ನೆತ್ತಿ "ಯಾರನ್ನ ತಡೀಬೇಕು?" ಎಂದು ಕೇಳುವ ಹೊತ್ತಿಗೆ ವ್ಯಾನು ದೊಡ್ಡ ರಸ್ತೆ ಹಿಡಿದಾಗಿತ್ತು.