ಗಾಜು ಗುರುತಿಸದ ಬೆರಳು

ಅಧ್ಯಕ್ಷತೆ ವಹಿಸಿರುವ ನಮ್ಮ ಪ್ರಾಂಶುಪಾಲರಾದ ಮೂರ್ತಪ್ಪನವರೇ, ವೇದಿಕೆಯ ಮೇಲಿರುವ ಗಣ್ಯರೇ, ಬಿಸಿಲನ್ನೂ ಲೆಕ್ಕಿಸದೆ ಬಂದಿರುವ ಸಭಿಕರೇ, ಈಗಲೂ ಬೆಂಚಿನ ಕೆಳಗೆ ಫೋನು ಉಜ್ಜುತ್ತಿರುವ ನನ್ನ ವಿದ್ಯಾರ್ಥಿಗಳೇ,

ಇರಲಿ, ಉಜ್ಜಿ. ವಿಜ್ಞಾನ ಸಂಘದ ಉದ್ಘಾಟನೆಗೆ ನಾನು ಆರಿಸಿಕೊಂಡ ವಿಷಯವೇ ಅದು. ನೀವು ಮುಟ್ಟಿದ್ದು ಆ ಗಾಜಿಗೆ ಹೇಗೆ ತಿಳಿಯುತ್ತದೆ? ಎಂದಾದರೂ ಕೇಳಿಕೊಂಡಿದ್ದೀರಾ?

ಅರವತ್ತರ ದಶಕದಲ್ಲಿ ಇಂಗ್ಲೆಂಡಿನ ಜಾನ್ಸನ್ ಎಂಬವರು, ವಿಮಾನಗಳ ಸಂಚಾರದ ಮೇಲೆ ಕಣ್ಣಿಟ್ಟು ಕೂತವರು ಪರದೆಯನ್ನೇ ಮುಟ್ಟಿ ಕೆಲಸ ನಡೆಸಬಹುದಲ್ಲ ಎಂದು ಯೋಚಿಸಿದರು. ಎಪ್ಪತ್ತರ ದಶಕದಲ್ಲಿ ಯುರೋಪಿನ ಸೆರ್ನ್ ಪ್ರಯೋಗಾಲಯದ ಸ್ಟುಂಪೆ, ದೊಡ್ಡದೊಂದು ಯಂತ್ರದ ಗುಂಡಿಗಳ ಬದಲಿಗೆ ಇಂಥದೇ ಗಾಜು ಮಾಡಿದರು. ಅಮೆರಿಕದ ಹರ್ಸ್ಟ್ ಅವರಿಗೆ ಪ್ರಯೋಗದ ಗ್ರಾಫುಗಳ ಅಳತೆ ತೆಗೆದು ತೆಗೆದು ಸಾಕಾಗಿತ್ತು. ಅವರು ಮಾಡಿದ ಪರದೆಯನ್ನು ಒತ್ತಬೇಕು, ಕಡ್ಡಿಯಿಂದ ಒತ್ತಿದರೂ ನಡೆಯುತ್ತದೆ. ಈಗಿನ ಫೋನಿಗೆ ಒತ್ತುವುದು ಬೇಡ. ಚರ್ಮದ ಮೂಲಕ ತುಸು ವಿದ್ಯುತ್ತು ಹರಿದರೆ ಸಾಕು.

ಇಲ್ಲಿ ನಮ್ಮ ಮನೆಯ ಮಾತೊಂದು ಬರುತ್ತದೆ. ಬರೆದು ತಂದ ಭಾಷಣದಲ್ಲಿ ಇರಲಿಲ್ಲ, ಕ್ಷಮಿಸಿ.

ನಮ್ಮಪ್ಪ ಮಾರಣ್ಣ ಮತ್ತೋಡಿನವರು, ಕುರಿ ಸಾಕುವವರು. ಕುರಿಯ ಹೊಟ್ಟೆಯಲ್ಲಿ ಮರಿ ಅಡ್ಡವಾದರೆ ಸುತ್ತಲಿನ ಹಟ್ಟಿಯವರೆಲ್ಲ ಕರೆಯುವುದು ಅವರನ್ನೇ. ನಾನು ಕೊಡಿಸಿದ ಫೋನು ಅವರ ಬೆರಳಿಗೆ ಜಪ್ಪಯ್ಯ ಅನ್ನಲಿಲ್ಲ. ಫೋನಿನ ಅಂಗಡಿಯ ನಿರಂಜನ್ ನಗುತ್ತಾ, "ಅಜ್ಜಾ, ಇದು ಜೀವ ಇರೋ ಕೈಗಷ್ಟೇ ಓಗೊಡೋದು ಕಣಜ್ಜ" ಅಂದುಬಿಟ್ಟ. ಅವನಿಗದು ತಮಾಷೆ. ನಮ್ಮಪ್ಪ ನಂಬಿಬಿಟ್ಟರು! ಜೀವವಿಲ್ಲದ ಕೈ ಬಸುರಿ ಕುರಿಗೆ ತಾಗಬಾರದೆಂದು ಕುರಿ ಮುಟ್ಟುವುದನ್ನೇ ಬಿಟ್ಟರು. ಊಟಕ್ಕೆ ಕೂತರೂ ಕೈ ನೋಡಿಕೊಳ್ಳುತ್ತಿದ್ದರಂತೆ.

ಕೇಳಿದವಳೇ ಊರಿಗೆ ಓಡಿದೆ. ಚರ್ಮ ದಪ್ಪವಾಗಿದೆ, ಒಣಗಿದೆ, ಅದಕ್ಕೇ ವಿದ್ಯುತ್ತು ಹಾಯುತ್ತಿಲ್ಲ ಎಂದು ಪಾಠ ಮಾಡಿದೆ. "ನನ್ನ ಸಮಾಧಾನಕ್ಕೆ ಹೇಳ್ತೀಯ, ಬಿಡವ್ವ" ಅಂದರು. ಭೌತಶಾಸ್ತ್ರದ ಉಪನ್ಯಾಸಕಿಗೆ ಅಪ್ಪನ ಉತ್ತರ ನೋಡಿ!

ಅಷ್ಟರಲ್ಲಿ ಹಿತ್ತಲಲ್ಲಿ ಕುರಿಯೊಂದು ನರಳತೊಡಗಿತು. ಮರಿಯ ಕಾಲು ಒಳಗೇ ಮಡಚಿಕೊಂಡಿತ್ತು. ದನದ ಡಾಕ್ಟರಿಗೆ ಫೋನು ಮಾಡಿದರೆ ಅವರು ಹೊಸದುರ್ಗದಲ್ಲಿ, ಬರುವುದು ತಡ. ಅಪ್ಪ ದೂರ ನಿಂತೇ ಇದ್ದರು. ನಮ್ಮವ್ವ ಬೋರಕ್ಕ ಬೆಂಕಿಯಾದಳು.

"ಅಲ್ಲಾ, ಗಾಜಿನ ತುಂಡು ಒಪ್ಪಲಿಲ್ಲ ಅಂತ ನನ್ನ ಕುರಿ ಸಾಯಬೇಕೇನು? ಕೈ ಹಾಕು ಮೊದ್ಲು!"

ಹಾಕಿದರು. ಕಣ್ಣು ಮುಚ್ಚಿ, ಒಳಗೆ ತಡಕಿ, ಮಡಚಿದ ಕಾಲನ್ನು ಬಿಡಿಸಿ ಮರಿಯನ್ನು ಎಳೆದರು. ಮೂಗಿನ ಲೋಳೆ ತೆಗೆದಾಗ ಮರಿ ಸೀನಿತು. ನಾನು ಅಳುತ್ತಲೇ ನನ್ನ ಫೋನು ಮುಂದೆ ಹಿಡಿದೆ. "ಈಗ ಮುಟ್ಟಪ್ಪ."

ಮುಟ್ಟಿದರು. ಪರದೆ ತೆರೆಯಿತು.

"ಅರೆ! ಈಗ ಯಾಕೆ ಆಗ್ತೈತೆ?"

"ಬೆರಳು ಒದ್ದೆ ಐತೆ ಕಣಪ್ಪ."

ನಂಬಲಿಲ್ಲ. ಪಂಚೆಗೆ ಒರೆಸಿ ಒಣಗಿಸಿ ಮುಟ್ಟಿದರು, ಆಗಲಿಲ್ಲ. ಬೋಗುಣಿಯ ನೀರಿಗೆ ಅದ್ದಿ ಮುಟ್ಟಿದರು, ಆಯಿತು. ಮತ್ತೆ ಒರೆಸಿದರು, ಮತ್ತೆ ಅದ್ದಿದರು. "ಹಂಗಾರೆ ಕುರಿ ಮೂಗಿಗೂ ಓಗೊಡ್ತದೇನು?" ಅದನ್ನೂ ನೋಡಿದೆವು. ಓಗೊಟ್ಟಿತು. ಅಪ್ಪ ಹಟ್ಟಿಗೆಲ್ಲ ಕೇಳುವಂತೆ ನಕ್ಕರು. ಅಂದು ನೀರು ಹೊಕ್ಕು ನನ್ನ ಫೋನು ಹಾಳಾಯಿತು ಮಹನೀಯರೇ, ಆದರೆ ನನಗೆ ಬೇಜಾರಿಲ್ಲ.

ಇಂದು ದೀಪ ಬೆಳಗಲು ಅಪ್ಪನನ್ನೇ ಕರೆಯೋಣವೆಂದು ಪ್ರಾಂಶುಪಾಲರು ಒಪ್ಪಿದ್ದರು. ಮುಂದಿನ ಸಾಲಿನ ಆ ಖಾಲಿ ಕುರ್ಚಿ ಅವರದು. ಬೆಳಿಗ್ಗೆ ಬಸ್ಸಿಗೆ ಹೊರಟವರನ್ನು ಪಕ್ಕದ ಹಟ್ಟಿಯವರು ಬಂದು ಎಳೆದುಕೊಂಡು ಹೋದರಂತೆ. ದಾರಿಯಲ್ಲೇ, ಬೆರಳು ಒದ್ದೆ ಮಾಡಿಕೊಂಡು, ಅವರೇ ನನಗೆ ಫೋನು ಮಾಡಿದರು. "ನಿನ್ನ ಭಾಷಣ ಕಾಯ್ತದೆ ಕಣವ್ವ, ಕುರಿ ಕಾಯಲ್ಲ. ನನ್ನ ಕೈಯೇ ಬೇಕಂತೆ."

ಆದ್ದರಿಂದ ದೀಪವನ್ನು ನೀವೇ ಹಚ್ಚಬೇಕು, ಮೂರ್ತಪ್ಪನವರೇ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನನ್ನ ಕೃತಜ್ಞತೆ. ನನ್ನ ಪರವಾಗಿಯೂ, ಬರಲಾಗದ ನಮ್ಮಪ್ಪನ ಪರವಾಗಿಯೂ, ನಮಸ್ಕಾರ.