ಬೋಟಿಗೊಂದು ಒಳ್ಳೆಯ ಇನ್ಶೂರೆನ್ಸ್

ಕ್ಲಿಯರ್ ಲೇಕ್‌ನ ಇನ್ಶೂರೆನ್ಸ್ ಆಫೀಸೊಂದರಲ್ಲಿ ನನ್ನ ಕಾರಿನ ಪಾಲಿಸಿಗಾಗಿ ಕಾಯುತ್ತಿದ್ದೆ. ಎದುರು ಕೂತಿದ್ದ ಗಂಡ ಹೆಂಡತಿ, ಇಲ್ಲಿ ಯಾರಿಗೂ ಕನ್ನಡ ಬರುವುದಿಲ್ಲವೆಂಬ ಧೈರ್ಯದಲ್ಲಿ ಮಾತಾಡುತ್ತಿದ್ದರು.

“ಬೋಟಿಗೆ ಕಾಂಪ್ರಿಹೆನ್ಸಿವ್ವೇ ತಗೊಳ್ಳೋಣ. ಬಿರುಗಾಳಿ, ಕಳ್ಳತನ, ಮುಳುಗಿದ್ರೆ ಮೇಲೆತ್ತೋದು, ಎಲ್ಲಾ ಕವರ್ ಆಗುತ್ತೆ.”

“ನಾವು ಅದನ್ನ ಓಡಿಸೋದೇ ಯಾವಾಗಲೋ ಒಂದು ಭಾನುವಾರ.”

“ಏನಾದ್ರೂ ಆಗೋಕೆ ಒಂದು ಭಾನುವಾರ ಸಾಕಲ್ವಾ, ಹರ್ಷಿಣಿ?”

“ನಮ್ಮಮ್ಮ ಊರಿಂದ ಇಲ್ಲಿಗೆ ಬಂದಾಗ ಹೀಗನ್ನಲಿಲ್ಲ ನೀವು. ಮೂರು ತಿಂಗಳಲ್ಲಿ ಏನಾಗಿಬಿಡುತ್ತೆ ಅಂತ, ಇರೋದ್ರಲ್ಲೇ ಅಗ್ಗದ ವಿಸಿಟರ್ ಇನ್ಶೂರೆನ್ಸ್ ತಗೊಂಡ್ರಿ.”

“ಅವರಿಗೆ ಎದೆನೋವು ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?”

“ಅಮ್ಮನಿಗೆ ಗೊತ್ತಿತ್ತು. ಆಸ್ಪತ್ರೆಗೆ ಹೋದ್ರೆ ಅಳಿಯಂದ್ರಿಗೆ ಭಾರ ಅಂತ, ಗ್ಯಾಸ್ಟ್ರಿಕ್ ಅಂತ ಹೇಳಿ ಜೀರಿಗೆ ಕಷಾಯ ಕುಡಿದು ಮಲಗಿದ್ಲು. ಏಳಲೇ ಇಲ್ಲ.”

ಅವನು ಸ್ವಲ್ಪ ಹೊತ್ತು ಮೊಬೈಲ್ ನೋಡಿದ.

“ಬೋಟಿಗೆ ಅವರ ಹೆಸರೇ ಇಡೋಣ ಬಿಡು. ಅನಸೂಯಾ.”

ಒಳಗಿನಿಂದ ಅವರನ್ನು ಕರೆದರು. ಅವಳು ಬ್ಯಾಗು ಹೆಗಲಿಗೇರಿಸಿಕೊಂಡು ಎದ್ದಳು.

“ಬೇಡ. ಆ ಹೆಸರಿಟ್ರೆ ಮತ್ತೆ ಅಗ್ಗದ್ದೇ ತಗೋತೀರ.”