ಓರ್ಸೋಲಾ ನಿಂತ ಕಾವಲು

ದೀಪ ಸಣ್ಣ ಮಾಡಿ. ಇದು ನಮ್ಮ ದೊಡ್ಡಮ್ಮ ಓರ್ಸೋಲಾಳ ಗಂಡ ಗಾಸ್ಪಾರೆಗೆ ಆದದ್ದು. ಇಲ್ಲೇ ಮೊಂತೆರಾನ್ಯೊದಲ್ಲಿ, ಊರ ಹೊರಗಿನ ಬಾವಿಯ ಹತ್ತಿರ.

ಗಾಸ್ಪಾರೆ ಬಾಡಿಗೆ ಸಿಪಾಯಿ. ಇವತ್ತು ಈ ದೊರೆಗೆ, ನಾಳೆ ಆ ದೊರೆಗೆ ಕಾದುವ ಪಡೆ ಅವನದು. ಆದರೆ ಅವನ ಪಾಲಿಗೆ ಒಡೆಯ ಒಬ್ಬನೇ... ಪಡೆಯ ಕಪ್ತಾನ ಬ್ರಾಂಕಾ. ಆ ಚಳಿಗಾಲ ಹೊಳೆದಂಡೆಯ ಕಾಳಗದಲ್ಲಿ ಬ್ರಾಂಕಾ ತನ್ನ ಕೆಂಪು ಕುದುರೆಯ ಸಮೇತ ಸತ್ತ. ಉಳಿದವರೆಲ್ಲ ಸಂಜೆಯೊಳಗೆ ಗೆದ್ದವರ ಕಡೆ ಸೇರಿ, ಅವರ ಗಂಜಿ ಉಂಡು ಮಲಗಿದರು. ಗಾಸ್ಪಾರೆ ಮಾತ್ರ ಎರಡು ದಿನ ಹೆಣ ಕಾದ. ಹೆಪ್ಪುಗಟ್ಟಿದ ನೆಲ ಅಗೆದು ಹೂತ. ಈಟಿ ಹೆಗಲಿಗೇರಿಸಿ ಊರ ಕಡೆ ನಡೆದ. ಅಳು ಬರಲಿಲ್ಲ. ಹಸಿವೂ ಆಗಲಿಲ್ಲ.

ಊರು ಮುಟ್ಟಿದಾಗ ನಡುರಾತ್ರಿ. ಬಾವಿ ದಾಟಿದರೆ ಅವನ ಮನೆ. ಕಿಟಕಿಯಲ್ಲಿ ಬೆಳಕಿತ್ತು. ಏಳು ವರ್ಷದ ಮೇಲೆ ನೋಡುತ್ತಿದ್ದ... ಎದೆಯಲ್ಲಿ ಏನೂ ಅಲುಗಲಿಲ್ಲ.

ಆಗ ಬಾವಿಯ ರಾಟೆ ತಿರುಗಿತು. ಕಿರ್ರ್... ಕಟ್. ಕಿರ್ರ್... ಕಟ್. ರಾಟೆಯಲ್ಲಿ ಹಗ್ಗವೇ ಇರಲಿಲ್ಲ.

"ಗಾಸ್ಪಾರೆ."

ಕಪ್ತಾನನ ದನಿ.

"ದಣಿ."

"ಕಾವಲು ಬಿಡು ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ... ನೀವು ಸತ್ತುಹೋದ್ರಿ."

"ನಾನು ಹೇಳಿದ್ನಾ?"

"ಇಲ್ಲ ದಣಿ."

ಅಷ್ಟೇ. ಗಾಸ್ಪಾರೆ ಬಾವಿಗೆ ಬೆನ್ನು ಮಾಡಿ, ಈಟಿ ನೆಲಕ್ಕೂರಿ ನಿಂತ. ಹಿಮ ಬೀಳತೊಡಗಿತು. ಕಾಲ್ಬೆರಳು ಮರಗಟ್ಟಿದವು, ಆಮೇಲೆ ಮೊಣಕಾಲು. ಇಲ್ಲೇ ಸಾಯುತ್ತೇನೆ ಅಂತ ಗೊತ್ತಾಯಿತು. ಆಗಲಿ, ಅನ್ನಿಸಿತು.

ರಾಟೆಯ ಸದ್ದು ಕೇಳಿ ಓರ್ಸೋಲಾ ದೀಪ ಹಿಡಿದು ಬಂದಳು.

"ಏಳು ವರ್ಷಕ್ಕೆ ಊರಿಗೆ ಬಂದವ್ರು ಬಾವಿ ಕಾಯ್ತಾ ನಿಂತಿದೀರಲ್ಲಾ! ಇದನ್ನ ಯಾರು ಹೊತ್ಕೊಂಡು ಹೋಗ್ತಾರೆ? ಬನ್ನಿ ಒಳಗೆ."

"ಅಪ್ಪಣೆ ಇಲ್ಲ."

"ಯಾರದು?"

ಅವನು ಕಣ್ಣಲ್ಲೇ ಹಿಂದಕ್ಕೆ ತೋರಿಸಿದ. ಅವಳು ದೀಪ ಎತ್ತಿದಳು. ಏನು ಕಂಡಳೋ... ದೀಪ ತಟ್ಟನೆ ಕೆಳಗಿಳಿಸಿದಳು. ಗಂಡನ ತುಟಿ ನೀಲಿಯಾಗಿತ್ತು. ತೋಳು ಹಿಡಿದು ಎಳೆದಳು. ಕದಲಲಿಲ್ಲ.

"ನಿಮ್ಮ ಪಡೇಲಿ ಕಾವಲು ಬದಲಾಯ್ಸೋದು ಹೇಗೆ?" ಪಿಸುಗುಟ್ಟಿದಳು.

"ಇನ್ನೊಬ್ಬ ಬಂದು ಈಟಿ ಈಸ್ಕೋಬೇಕು."

"ಕೊಡಿ ಇಲ್ಲಿ."

ಬೇಡ ಅನ್ನಬೇಕಿತ್ತು. ಅವನ ಬೆರಳು ಒಂದೊಂದಾಗಿ ಬಿಡಿಸಿ ಅವಳು ಈಟಿ ತಗೊಂಡಳು.

ಅವನು ಹೋಗಿ ಬೂಟು ಸಮೇತ ಮಲಗಿದ. ಹೆಂಡತಿ ಹೊರಗಿದ್ದಾಳೆ, ಹೆದರಬೇಕು ಅಂದುಕೊಂಡ. ಹೆದರಿಕೆ ಬರಲಿಲ್ಲ. ಕಿರ್ರ್... ಕಟ್. ನಡುವೆ ಓರ್ಸೋಲಾ ಯಾರನ್ನೋ ಗದರುವ ದನಿ, ತುಂಬ ಹೊತ್ತು. ಮಾತು ತಿಳಿಯಲಿಲ್ಲ. ಆಮೇಲೆ... ರಾಟೆ ನಿಂತಿತು.

ಬೆಳಗಿನ ಜಾವ ಅವಳು ಬಂದು ಈಟಿಯನ್ನು ಮೂಲೆಗೆ ಒರಗಿಸಿದಳು.

"ಬಿಟ್ಟ. ಇನ್ನು ನೀವು ಮನೇಲೇ ಇರ್ಬಹುದಂತೆ."

"ಅವರಿಗೆ ಏನು ಹೇಳ್ದೆ?"

"ಕಾವಲಿನ ಮಾತು ಹೊರಗೆ ಆಡ್ಬಾರ್ದು," ಅಂದಳು, ಸಿಪಾಯಿಯ ಹಾಗೆ.

ಆಗ ಗಾಸ್ಪಾರೆ ಅತ್ತ. ಮಧ್ಯಾಹ್ನದ ತನಕ ಅತ್ತ.

ನಂಬದಿದ್ದರೆ ಬಿಡಿ. ಆ ರಾತ್ರಿ ಅವಳು ಹೊದ್ದ ಉಣ್ಣೆ ಶಾಲು ಒಗೆದದ್ದು ನಮ್ಮಮ್ಮ. ನಾನೇ ಕಣ್ಣಾರೆ ಕಂಡಿದ್ದೇನೆ... ಶಾಲಿನ ತುಂಬ ಕೆಂಪಗಿನ ಕುದುರೆ ಕೂದಲು. ಆ ಚಳಿಗಾಲ ದಂಡಿನವರು ಎಲ್ಲವನ್ನೂ ಹೊಡೆದುಕೊಂಡು ಹೋಗಿದ್ದರು. ನಮ್ಮೂರಲ್ಲಿ ಒಂದೇ ಒಂದು ಕುದುರೆಯೂ ಇರಲಿಲ್ಲ.